ಕೂರದವರ ಗುರುತು

ಬೆಳ್ಳುಳ್ಳಿಯ ಚೀಲ ನಮ್ಮಿಬ್ಬರ ನಡುವೆ ಇತ್ತು. ಅವ್ವ ಗಡ್ಡೆಯನ್ನು ಅಂಗೈಯಲ್ಲಿ ಅದುಮಿ ಎಸಳು ಬಿಡಿಸಿ ಮೊರಕ್ಕೆ ಹಾಕುತ್ತಿದ್ದಳು. ನಾನು ಎಸಳಿನ ತುದಿ ಚಿವುಟಿ, ಸಿಪ್ಪೆ ಸುಲಿದು, ನೀರಿನ ಬೋಗುಣಿಗೆ ಹಾಕುತ್ತಿದ್ದೆ. ಶನಿವಾರದ ಮದುವೆ ಅಡುಗೆಗೆ ನಾಲ್ಕು ಕೆಜಿ ಆಗಬೇಕಿತ್ತು. ಬೇರೆ ದಿನವಾಗಿದ್ದರೆ ಅವ್ವ ಮದುವೆಮನೆಯ ಸುದ್ದಿ ಹೇಳುತ್ತಿದ್ದಳು. ಯಾವ ಬೀಗರು ಒಬ್ಬಟ್ಟು ಸಾಲಲಿಲ್ಲ ಅಂತ ಎಲೆ ಬಿಟ್ಟು ಎದ್ದರು, ಯಾವ ಮದುಮಗ ಕೈ ತೊಳೆಯುವ ಜಾಗದಲ್ಲಿ ಜಾರಿದ, ಇಂಥವು. ಆ ಗುರುವಾರ ಸಂಜೆ ಒಂದೂ ಮಾತಿಲ್ಲ. ಸಿಪ್ಪೆ ಒಡೆಯುವ ಸದ್ದು, ಎಸಳು ನೀರಿಗೆ ಬೀಳುವ ಸದ್ದು, ಅಷ್ಟೆ.

ಅವ್ವ ಬಲಗಾಲು ಚಾಚಿ ಕೂತಿದ್ದಳು. ಚೀಲಕ್ಕೆ ಕೈ ಹಾಕುವಾಗಲೆಲ್ಲ ಇನ್ನೊಂದು ಕೈಯನ್ನು ನೆಲಕ್ಕೆ ಊರಿ, ಸೊಂಟ ತಾಕದ ಹಾಗೆ ಸ್ವಲ್ಪ ಮೇಲೆದ್ದು ಬಾಗುತ್ತಿದ್ದಳು. ನಾನು ನೋಡಿದೆ. ಏನಾಯ್ತು ಅಂತ ಕೇಳಲಿಲ್ಲ. ನನಗೆ ಗೊತ್ತಿಲ್ಲ ಅಂತ ಅವಳು ತಿಳಿದಿದ್ದಳು. ಆದರೆ ಎಲ್ಲಿ ಬಿದ್ದಳು, ಹೇಗೆ ಬಿದ್ದಳು, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಬಿದ್ದಳು, ಎಲ್ಲ ನನಗೆ ಗೊತ್ತಿತ್ತು. ಬೆಳಿಗ್ಗೆ ಆರು ಐವತ್ತೆರಡಕ್ಕೆ, ಹೊಸಕೊಪ್ಪಲು ಜಂಕ್ಷನ್ನಿನ ವೇಟಿಂಗ್ ಹಾಲಿನಲ್ಲಿ, ಹದಿನೇಳನೇ ಸೀಟಿನ ಮುಂದೆ. ನಾನು ಮೇಲಿನ ಕಂಟ್ರೋಲ್ ರೂಮಿನಲ್ಲಿ ಪರದೆಯ ಮೇಲೆ ನೋಡುತ್ತಿದ್ದೆ.

ಆ ಸೀಟುಗಳ ಬಗ್ಗೆ ಹೇಳಬೇಕು.

ಎಂಟು ನೂರು ಜನರಿಗೆ ಅಂತ ಕಟ್ಟಿದ ಹಾಲು ಅದು. ಬೆಳಿಗ್ಗೆ ಆರರಿಂದ ಒಂಬತ್ತರ ತನಕ ಐದು ಸಾವಿರ ಜನ ಬರುತ್ತಾರೆ. ಸುತ್ತಲಿನ ಊರುಗಳಿಂದ ಷಟಲ್ ರೈಲಿನಲ್ಲಿ ಬಂದು ಇಳಿದು, ಸಿಟಿಗೆ ಹೋಗುವ ಲೋಕಲ್ಲಿಗೆ ಇಲ್ಲಿ ಕಾಯಬೇಕು. ಮೊದಲು ಸಿಮೆಂಟಿನ ಬೆಂಚುಗಳಿದ್ದವು. ನಾಲ್ಕು ಜನರ ಬೆಂಚಿನಲ್ಲಿ ಆರು ಜನ ಕೂರುತ್ತಿದ್ದರು. ಜಾಗ ಸಾಲದು ಅಂತ ಅವನ್ನೆಲ್ಲ ಒಡೆದು ತೆಗೆದರು. ಅವುಗಳ ಬದಲಿಗೆ ಗೋಡೆಗೂ ಕಂಬಗಳಿಗೂ ಮಡಚುವ ಸೀಟು ಹಾಕಿದರು, ನಲವತ್ತು. ಸೀಟು ಗೋಡೆಗೆ ಅಂಟಿಕೊಂಡು ಮುಚ್ಚಿರುತ್ತದೆ. ಅದರ ಮೇಲೆ ಅಂಗಿಯ ಗುಂಡಿಯಷ್ಟು ದೊಡ್ಡ ಕ್ಯಾಮೆರಾ. ಎದುರು ನಿಂತವರನ್ನು ಅದು ನಾಲ್ಕು ಸೆಕೆಂಡು ನೋಡುತ್ತದೆ. ಕತ್ತು ಎಷ್ಟು ಬಾಗಿದೆ, ಭುಜ ಎಷ್ಟು ಇಳಿದಿದೆ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಎಷ್ಟು ಸಲ ಬದಲಾಗುತ್ತದೆ, ಕಣ್ಣು ಎತ್ತ ಹೋಗುತ್ತದೆ, ಇವೆಲ್ಲ ಲೆಕ್ಕ. ಇವರಿಗೆ ನಿಜವಾಗಿ ಸುಸ್ತಾಗಿದೆ ಅನ್ನಿಸಿದರೆ ಒಳಗಿನ ಕೊಂಡಿ ಕಳಚುತ್ತದೆ, ಸೀಟು ಕೆಳಗಿಳಿಯುತ್ತದೆ. ಎದ್ದ ಮೇಲೆ ಎರಡು ಎಣಿಸುವಷ್ಟರಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ. ಬಲವಿದ್ದವರು ಓಡಿ ಬಂದು ಹಿಡಿಯುವ ಹಾಗಿಲ್ಲ. ಕರವಸ್ತ್ರ ಹಾಕಿ ಕಾದಿರಿಸುವ ಹಾಗಿಲ್ಲ. ಯಾರಿಗೆ ಬೇಕೋ ಅವರಿಗೇ. ಇದಕ್ಕೆ ರೈಲ್ವೆಯವರು ಇಟ್ಟ ಹೆಸರು ಆಸರೆ. ಜನ ಅದನ್ನು ಕಣ್ಣು ಅನ್ನುತ್ತಾರೆ.

ಆದರೆ ಕಣ್ಣಿಗೆ ಹುಟ್ಟಿದಾಗಲೇ ಏನೂ ಗೊತ್ತಿರುವುದಿಲ್ಲ. ಯಾರಾದರೂ ತೋರಿಸಿಕೊಡಬೇಕು. ಸಾವಿರಾರು ತುಣುಕು ವಿಡಿಯೋ ನೋಡಿ, ಇವರಿಗೆ ಸೀಟು ಬೇಕು ಅಂತ ಹಸಿರು ಗುಂಡಿ, ಬೇಡ ಅಂತ ಕೆಂಪು ಗುಂಡಿ ಒತ್ತಬೇಕು. ಸಿಟಿಯವರು ನೋಡಿದರೆ ಇಲ್ಲಿನವರ ಸುಸ್ತು ಗೊತ್ತಾಗಲ್ಲ ಅಂತ ಸುತ್ತಲಿನ ಊರುಗಳಿಂದಲೇ ಒಂಬತ್ತು ಜನರನ್ನು ತೆಗೆದುಕೊಂಡರು. ಓದು ಕೇಳಲಿಲ್ಲ, ನೋಡುವ ಪರೀಕ್ಷೆ ಮಾತ್ರ ಇಟ್ಟರು. ಅದರಲ್ಲಿ ನಾನೇ ಮೊದಲು ಬಂದೆ.

ಎಂಟನೇ ಕ್ಲಾಸಿಗೆ ನಾನು ಸ್ಕೂಲು ಬಿಟ್ಟವಳು. ನಿಂತುಕೊಂಡು ಗಟ್ಟಿಯಾಗಿ ಓದು ಅಂದರೆ ನನಗೆ ಗಂಟಲು ಕಟ್ಟುತ್ತಿತ್ತು. ಹಾಳೆಯ ಮೇಲಿನ ಅಕ್ಷರ ಕಾಣುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಆಮೇಲೆ ಅವ್ವನ ಜತೆ ಕಲ್ಯಾಣ ಮಂಟಪಗಳಿಗೆ ಹೋಗತೊಡಗಿದೆ. ಅವ್ವ ಅಲ್ಲಿ ಪಾತ್ರೆ ತೊಳೆಯುತ್ತಾಳೆ. ಆಳು ಕೂರುವಷ್ಟು ದೊಡ್ಡ ಕೊಪ್ಪರಿಗೆಗಳು. ನಾನು ನೀರು ಹೊಯ್ದು ಕೊಡುತ್ತ, ಬಾಗಿಲ ಸಂದಿನಿಂದ ಊಟದ ಸಾಲು ನೋಡುತ್ತಿದ್ದೆ. ಯಾರು ಎರಡನೇ ಸಲ ಪಾಯಸ ಕೇಳುತ್ತಾರೆ, ಯಾರು ಕೇಳಲು ನಾಚಿ ಎಲೆ ಮಡಚುತ್ತಾರೆ, ಬಡಿಸುವವರು ಆ ಸಾಲಿಗೆ ಬರುವ ಮೊದಲೇ ಹೇಳಬಲ್ಲೆ. ಮಾತು ಬಾರದವಳಿಗೆ ನೋಡುವ ಕೆಲಸ ಸಿಕ್ಕಿದ್ದು ದೊಡ್ಡದಾಗಿ ಕಂಡಿತು.

ಕಂಟ್ರೋಲ್ ರೂಮಿನಲ್ಲಿ ಮೊದಲ ಎರಡು ದಿನ ನಾನು ನಿಂತುಕೊಂಡೇ ಗುಂಡಿ ಒತ್ತಿದೆ. ಇಂಜಿನಿಯರ್ ಪ್ರಣವ್ ಸರ್ ಬಂದು, "ಸಿಂಚನ, ಕುರ್ಚಿ ಯಾಕೆ ಇಟ್ಟಿದೀವಿ? ಕೂತ್ಕೊಳ್ಳಿ," ಅಂದರು. ಕೂತೆ. ಎಲ್ಲರಿಗೂ ಕೊಡುವ ಬಿಳಿ ಕಪ್ಪಿನಲ್ಲೇ ನನಗೂ ಟೀ ಬಂತು. ಅವರು ಮಾತಿಗೆ ಕೇಳಿದರು, "ಅಮ್ಮ ಏನ್ ಮಾಡ್ತಾರೆ?"

"ಮನೇಲಿದ್ದಾರೆ ಸರ್," ಅಂದೆ.

ಯಾಕೆ ಹಾಗಂದೆ? ಬೇರೆ ಹುಡುಗಿಯರು ಹಾಗೇ ಹೇಳಿದ್ದರು.

ಒಮ್ಮೆ ತೋರಿಸಿದ ತುಣುಕನ್ನೇ ಹತ್ತು ದಿನ ಬಿಟ್ಟು ಹೇಳದೆ ಮತ್ತೆ ತೋರಿಸುತ್ತಿದ್ದರು. ಬೇರೆಯವರ ಹಸಿರು-ಕೆಂಪು ಗುರುತು ಬದಲಾಗುತ್ತಿತ್ತು, ನನ್ನದು ಬದಲಾಗುತ್ತಿರಲಿಲ್ಲ. "ಒಂಬತ್ತು ಜನರಲ್ಲಿ ನಿಮ್ಮ ಕೈ ಮಾತ್ರ ಅಲುಗಲ್ಲ," ಅಂದರು ಪ್ರಣವ್ ಸರ್. ಕೊನೆಗೆ ನನ್ನ ಗುರುತನ್ನೇ ಅಳತೆಯಾಗಿ ಇಟ್ಟುಕೊಂಡು ಉಳಿದವರ ಗುರುತನ್ನು ಅದಕ್ಕೆ ಹೋಲಿಸಿ ತಿದ್ದಿದರು. ಹೇಗೆ ಗೊತ್ತಾಗುತ್ತೆ ನಿಮಗೆ ಅಂತ ಕೇಳಿದಾಗ, ನನಗೆ ತಿಳಿದದ್ದನ್ನು ಹೇಳಿದೆ.

"ಕೂರಬೇಕು ಅನ್ನೋರು ಸೀಟು ನೋಡ್ತಾರೆ ಸರ್. ನೋಡಿ, ಬೇರೆ ಕಡೆ ನೋಡಿ, ಮತ್ತೆ ಸೀಟು ನೋಡ್ತಾರೆ."

ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಇದು ಯಾವ ಪುಸ್ತಕದಲ್ಲೂ ಇಲ್ಲ," ಅಂದರು. ನನಗೆ ಆ ದಿನ ಊಟ ಸೇರಲಿಲ್ಲ, ಅಷ್ಟು ಸಂತೋಷ.

ಮಾರನೆಯ ದಿನ ಅವರು ನನ್ನ ಪಕ್ಕದಲ್ಲೇ ಕೂತು ತುಣುಕುಗಳನ್ನು ನೋಡುತ್ತಿದ್ದರು. ನೀಲಿ ಸೀರೆಯ ಒಬ್ಬಳು ಹೆಂಗಸು ಬಂದಳು. ಸೀರೆಯನ್ನು ಹಿಂದಕ್ಕೆ ಸೆಕ್ಕಿ, ವೈರ್ ಬುಟ್ಟಿ ಹಿಡಿದು, ಕಂಬದಿಂದ ಒಂದು ಗೇಣು ದೂರ ನೆಟ್ಟಗೆ ನಿಂತಿದ್ದಳು. ಕಂಬಕ್ಕೆ ಒರಗಿರಲಿಲ್ಲ. ಸೀಟಿನ ಕಡೆ ಒಂದು ಸಲವೂ ನೋಡಲಿಲ್ಲ. ಆ ವೈರ್ ಬುಟ್ಟಿ ಹೆಣೆದಿದ್ದು ನಾನು.

"ಇವರು?" ಅಂದರು ಪ್ರಣವ್ ಸರ್. "ವಯಸ್ಸಾಗಿದೆ. ಹಸಿರು ಅಲ್ವಾ?"

ನನ್ನ ಬೆರಳು ಕೆಂಪಿನ ಮೇಲಿತ್ತು. "ಇವರು ಕೂರಲ್ಲ ಸರ್."

"ಯಾಕೆ?"

"ಇಂಥೋರಿಗೆ ನಿಂತು ಅಭ್ಯಾಸ."

"ಇಂಥೋರು ಅಂದ್ರೆ?"

"ಕೆಲಸದೋರು ಸರ್. ಕುರ್ಚಿ ಕೊಟ್ರೂ ಕೂರಲ್ಲ. ಸೀಟು ತೆಗೆದ್ರೆ ಸುಮ್ನೆ ದಂಡ."

ಅವರು ಬರೆದುಕೊಂಡರು. ಆಮೇಲೆ ಪರದೆಗೆ ಹತ್ತಿರ ಬಗ್ಗಿ ನೋಡಿ, "ಇವರು ನಿಮಗೆ ಗೊತ್ತಾ? ನಿಮ್ಮೂರ ಕಡೆಯೋರ ಥರ ಕಾಣ್ತಾರೆ," ಅಂದರು.

"ಇಲ್ಲ ಸರ್," ಅಂದೆ. ಕೆಂಪು ಒತ್ತಿದೆ.

ಆಮೇಲೆ ಅಂಥವರು ನೂರಾರು ಜನ ಬಂದರು. ಸೊಪ್ಪಿನ ಕಟ್ಟಿನವರು, ಗಾರೆ ಕೆಲಸದವರು, ಮನೆಗೆಲಸದವರು. ಎಲ್ಲರೂ ನೆಟ್ಟಗೆ ನಿಂತಿದ್ದರು. ಒಬ್ಬಳಿಗೆ ಕೆಂಪು ಒತ್ತಿ ಇನ್ನೊಬ್ಬಳಿಗೆ ಹಸಿರು ಒತ್ತಿದರೆ ನನ್ನ ಕೈ ಅಲುಗಿದ ಹಾಗೆ. ಎಲ್ಲರಿಗೂ ಕೆಂಪೇ ಒತ್ತಿದೆ.

ಸೀಟುಗಳು ಶುರುವಾದ ಮೇಲೆ ಒಂದು ತಿಂಗಳು ಹಾಲಿನಲ್ಲಿ ಜಾತ್ರೆಯ ಗದ್ದಲ. ಜನ ಎಷ್ಟು ಬೇಗ ಕಲಿತರು ಅಂದರೆ ನಮಗೇ ಆಶ್ಚರ್ಯವಾಯಿತು. ಕಾಲೇಜು ಹುಡುಗರು ಕಣ್ಣಿನ ಮುಂದೆ ಭುಜ ಇಳಿಬಿಟ್ಟು, ಬಾಯಿ ತೆರೆದು, ಸೀಟನ್ನು ಆಸೆಯಿಂದ ನೋಡಿ, ಅದು ಇಳಿದ ಕೂಡಲೇ ನಗುತ್ತ ಕೂರುವರು. ಬ್ಯಾಂಕಿನ ಒಬ್ಬರು ಸೊಂಟ ಹಿಡಿದುಕೊಂಡು ಬರುವರು, ರೈಲು ಬಂದಾಗ ಎಲ್ಲರಿಗಿಂತ ಮೊದಲು ಓಡುವರು. ಹಾಲಿನ ಉಸ್ತುವಾರಿ ನೋಡುವ ನಸೀಮಾ ಅಕ್ಕ ಸೊಂಟಕ್ಕೆ ವಾಕಿಟಾಕಿ ಸಿಕ್ಕಿಸಿಕೊಂಡು ಓಡಾಡುತ್ತ, "ಅರೆ, ಏನ್ರೀ ಮೇಷ್ಟ್ರೇ, ನಿನ್ನೆ ಎಡಗಾಲು ಕುಂಟ್ತಿದ್ರಿ, ಇವತ್ತು ಬಲಗಾಲು! ಒಂದು ಕಾಲು ಅಂತ ಡಿಸೈಡ್ ಮಾಡ್ಕೊಳ್ರೀ!" ಅಂತ ಕೂಗಿದರೆ ಇಡೀ ಹಾಲು ನಗುತ್ತಿತ್ತು.

ಆದರೆ ಇನ್ನೊಂದೂ ಆಯಿತು. ಅದನ್ನು ಗಮನಿಸಿದವಳು ನಾನೊಬ್ಬಳೇ ಇರಬೇಕು. ಕೂತವರು ತಲೆ ಎತ್ತಿ ನೋಡುವುದನ್ನು ಬಿಟ್ಟರು. ಮೊದಲು ಬೆಂಚಿನ ಹತ್ತಿರ ವಯಸ್ಸಾದವರು ಬಂದರೆ ಕೂತವರಿಗೆ ಒಂದು ಚಡಪಡಿಕೆ ಇರುತ್ತಿತ್ತು. ಈಗ ಅದಿಲ್ಲ. ಕಣ್ಣು ನನಗೆ ಕೊಟ್ಟಿದೆ, ನಾನು ಕೂತಿದ್ದೇನೆ. ನಿಮಗೆ ಕೊಟ್ಟಿಲ್ಲ ಅಂದರೆ ನಿಮಗೆ ಸುಸ್ತಾಗಿಲ್ಲ. ಒಬ್ಬ ಗಂಡ ಹೆಂಡತಿಗೆ ಹಾಗೇ ಹೇಳಿದ್ದನ್ನು ನಾನು ಪರದೆಯ ಮೇಲೆ ತುಟಿ ನೋಡಿ ತಿಳಿದೆ: "ನಿಂಗೇನಾಗಿದೆ? ಕಣ್ಣೇ ತೆಗೀಲಿಲ್ಲ!"

ಅವ್ವ ಪ್ರತಿದಿನ ಆ ಹಾಲಿನಲ್ಲಿ ಐವತ್ತು ನಿಮಿಷ ನಿಲ್ಲುತ್ತಿದ್ದಳು. ಬೆಳಿಗ್ಗೆ ನಮ್ಮೂರಿಂದ ಇಬ್ಬರೂ ಒಂದೇ ಷಟಲ್ಲಿನಲ್ಲಿ ಬರುತ್ತಿದ್ದೆವು. ಇಳಿದ ಮೇಲೆ ನಾನು ಪಕ್ಕದ ಮೆಟ್ಟಿಲಿನಿಂದ ಮೇಲೆ ಹೋಗುತ್ತಿದ್ದೆ. ಜತೆಯಲ್ಲಿ ಹಾಲಿನ ತನಕ ಹೋಗುತ್ತಿರಲಿಲ್ಲ. ತಡವಾಗುತ್ತೆ ಅಂತ ಹೇಳುತ್ತಿದ್ದೆ. ತಡವೇನೂ ಆಗುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಹದಿನೇಳನೇ ಸೀಟಿನಲ್ಲಿ ಕೂತಿದ್ದ ಒಬ್ಬ ನರ್ಸ್ ಹುಡುಗಿ ಅವ್ವನ ಮೊಣಕಾಲು ನಡುಗುವುದನ್ನು ನೋಡಿದಳು. ಹಾಗೆ ತಲೆ ಎತ್ತಿ ನೋಡುವವರು ಇನ್ನೂ ಒಬ್ಬಿಬ್ಬರು ಇದ್ದರು. ಕೂತಲ್ಲಿಂದಲೇ, "ಬನ್ನಿ ಅಮ್ಮ, ಕೂತ್ಕೊಳ್ಳಿ," ಅಂದಳು. ಅವ್ವ ಬೇಡ ಬೇಡ ಅಂತ ಕೈ ಆಡಿಸಿದಳು. ಹುಡುಗಿ ಬಿಡಲಿಲ್ಲ, ಎದ್ದು ರಟ್ಟೆ ಹಿಡಿದು ಕರೆದಳು. ಅವ್ವ ಅತ್ತ ಇತ್ತ ನೋಡಿ, ಸೆರಗು ಸರಿಮಾಡಿಕೊಂಡು, ಹಿಂದೆ ಕೈಯಿಂದ ತಡಕಿ ಕೂರಲು ಹೋದಳು. ಅಷ್ಟರಲ್ಲಿ ಎರಡು ಎಣಿಸಿದ್ದಾಗಿತ್ತು. ಕಣ್ಣು ಅವಳನ್ನು ನೋಡಿ ಸೀಟು ಮುಚ್ಚಿತು. ಅವ್ವ ನೆಲಕ್ಕೆ ಬಿದ್ದಳು. ಬುಟ್ಟಿಯಿಂದ ಟಿಫನ್ ಡಬ್ಬಿ ಉರುಳಿ ಹೋಯಿತು. ಯಾರೋ ನಕ್ಕರು. ನಕ್ಕವರು ಆಮೇಲೆ ಡಬ್ಬಿ ಎತ್ತಿ ಕೊಟ್ಟರು.

"ಅಯ್ಯೋ, ಹದಿನೇಳರಲ್ಲಿ ಯಾರೋ ಅಜ್ಜಿ ಬಿದ್ರು," ಅಂದರು ಪ್ರಣವ್ ಸರ್ ನನ್ನ ಹಿಂದಿನಿಂದ. "ನಸೀಮಾಗೆ ಹೇಳ್ತೀನಿ ತಾಳಿ."

ಕೆಳಗೆ ಹೋಗಲು ಇಪ್ಪತ್ತೆರಡು ಮೆಟ್ಟಿಲು. ನಾನು ಏಳಲಿಲ್ಲ. ಕುರ್ಚಿಯ ಕೈ ಹಿಡಿದುಕೊಂಡು ಕೂತಿದ್ದೆ.

ಶುಕ್ರವಾರ ಅವ್ವ ಮುಹೂರ್ತ ಇಲ್ಲ ಅಂತ ಮನೆಯಲ್ಲೇ ಉಳಿದಳು. ನಾನು ಬೇಗ ಹೋಗಿ ಪ್ರಣವ್ ಸರ್ ಎದುರು ನಿಂತೆ. ಅವರು ಶನಿವಾರದ ತಯಾರಿಯಲ್ಲಿದ್ದರು. ಶನಿವಾರ ದೊಡ್ಡ ಅಧಿಕಾರಿಗಳು ಬಂದು ನೋಡುವವರಿದ್ದರು. ಅವರು ಒಪ್ಪಿದರೆ ಇದೇ ಕಣ್ಣು ಅರವತ್ತು ಸ್ಟೇಷನ್ನುಗಳಿಗೆ ಹೋಗುತ್ತದೆ.

"ಸರ್, ನನ್ನ ಗುರುತಲ್ಲಿ ತಪ್ಪಿದೆ," ಅಂದೆ.

"ನಿಮ್ಮದರಲ್ಲಾ?" ಅವರು ನಕ್ಕರು. "ಎಷ್ಟು?"

"ಕೆಲಸದೋರು. ಅವರಿಗೂ ಸುಸ್ತಾಗಿರುತ್ತೆ ಸರ್. ತೋರಿಸಲ್ಲ ಅಷ್ಟೆ."

ಅವರ ನಗು ಹೋಯಿತು. ಕುರ್ಚಿ ತಿರುಗಿಸಿ ನನ್ನ ಕಡೆ ನೋಡಿದರು. ಸಿಟ್ಟಿನ ಮನುಷ್ಯರಲ್ಲ ಅವರು. "ಸಿಂಚನ, ಸಾರಿಗೆ ಹಾಕಿದ ಉಪ್ಪು ವಾಪಸ್ ತೆಗೆಯೋಕಾಗುತ್ತಾ? ನಿಮ್ಮ ಹನ್ನೆರಡು ಸಾವಿರ ಗುರುತು ಅದರೊಳಗೆ ಕರಗಿ ಹೋಗಿದೆ. ಇಂಥದ್ದು ಬೇಡ ಅಂದ್ರೆ ಮೊದಲಿಂದ ಕಲಿಸಬೇಕು. ಮೂರು ತಿಂಗಳು. ಅದಕ್ಕೆ ನನಗೆ ಒಂದು ಕಾರಣ ಬೇಕು. ನೋಡಿ," ಅಂತ ಪರದೆ ತೋರಿಸಿದರು, "ಬರೋರಲ್ಲಿ ನೂರಕ್ಕೆ ಇಪ್ಪತ್ತು ಜನ ಅಂಥೋರು. ಒಂದೂವರೆ ತಿಂಗಳಾಯ್ತು. ಅವರಲ್ಲಿ ಒಬ್ಬರೂ ದೂರು ಕೊಟ್ಟಿಲ್ಲ."

"ಕೊಡಲ್ಲ ಸರ್ ಅವರು."

"ನಿಮಗೆ ಹೇಗೆ ಗೊತ್ತು? ಯಾರಾದ್ರೂ ಹೇಳಿದ್ರಾ? ಹೆಸರು ಹೇಳಿ, ಕರೆಸಿ ಮಾತಾಡ್ತೀನಿ. ಈಗಲೇ."

ಹೆಸರು ನಾಲಿಗೆಯ ತುದಿಯಲ್ಲಿತ್ತು. ಮಂಚಮ್ಮ ಅನ್ನಬೇಕಿತ್ತು, ನಮ್ಮವ್ವ ಅನ್ನಬೇಕಿತ್ತು. ಆಗ ಅವರು ಕೇಳುತ್ತಾರೆ, ಅವತ್ತು ಗೊತ್ತಿಲ್ಲ ಅಂದಿರಲ್ಲ? ಮನೇಲಿದ್ದಾರೆ ಅಂದಿರಲ್ಲ? ಸ್ಕೂಲಿನಲ್ಲಿ ಆದ ಹಾಗೇ ಹೆಸರು ಬಾಯಿಗೆ ಬರಲಿಲ್ಲ.

"ಯಾರೋ ಒಬ್ರು ಸರ್," ಅಂದೆ.

"ಯಾರೋ ಒಬ್ರು ಅಂತ ಮೇಲಿನೋರಿಗೆ ಹೇಗೆ ಬರೀಲಿ?" ಅಂದರು. ಕೈಯಿಂದ ತೆರೆಯುವ ಗುಂಡಿಯೊಂದು ಅವರ ಮೇಜಿನ ಮೇಲಿತ್ತು, ಯಾವ ಸೀಟಿನ ನಂಬರು ಒತ್ತಿದರೂ ಆ ಸೀಟು ತೆರೆಯುತ್ತದೆ. ಅದನ್ನು ತೋರಿಸಿ ನಾನು ಏನೋ ಹೇಳಲು ಹೋದೆ. "ನಾಳೆ ಅದನ್ನ ಮುಟ್ಟೋ ಹಾಗಿಲ್ಲ," ಅಂದರು. "ಒಂದು ಸಲ ಕೈಯಲ್ಲಿ ತೆಗೆದ್ರೆ ಕಣ್ಣು ಸೋತಿದೆ ಅಂತ ಬರ್ಕೋತಾರೆ."

ಆ ಸಂಜೆ ನಾನು ಇನ್ನೂ ನಾಚಿಕೆಗೇಡಿನ ಕೆಲಸ ಮಾಡಿದೆ. ಅವ್ವನಿಗೆ ಸುಸ್ತು ಕಲಿಸಲು ಕೂತೆ.

ಅಡುಗೆ ಮಾಡುವ ಮೂಲೆಯಲ್ಲಿದ್ದ ಮಣೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ. "ಅವ್ವ, ಇದು ಸೀಟು ಅನ್ಕೋ. ಇದರ ಮುಂದೆ ನಿಂತ್ಕೋ. ಭುಜ ಬಿಡು. ಕಂಬಕ್ಕೆ ಒರಗು. ಇದನ್ನ ನೋಡು, ಆಮೇಲೆ ಆ ಕಡೆ ನೋಡು, ಮತ್ತೆ ಇದನ್ನ ನೋಡು."

ಅವ್ವ ನಿಂತಳು. ಭುಜ ಇಳಿಯಲಿಲ್ಲ. ಮಣೆಯನ್ನು ನೋಡಿ ಫಕ್ಕನೆ ನಕ್ಕಳು. "ಏನ್ ಮಗ, ನಾಟಕಕ್ಕೆ ಸೇರುಸ್ತೀಯಾ ನನ್ನ?"

"ತಮಾಷೆ ಅಲ್ಲ ಅವ್ವ. ಸುಸ್ತಾಗಿದೆ ಅಂತ ಮುಖದಲ್ಲಿ ತೋರಿಸು."

"ಯಾರ್ ಮುಂದೆ?"

"ಕಣ್ಣಿನ ಮುಂದೆ."

ಅವ್ವ ಮಣೆಯನ್ನು ಎತ್ತಿ ಅದರ ಜಾಗದಲ್ಲಿಟ್ಟಳು. ಆಮೇಲೆ ನಿಧಾನಕ್ಕೆ ಕೂತು ಹೇಳಿದಳು: "ಆ ಹಾಲ್ನಾಗೆ ಕಣ್ಣು ಅದೊಂದೇ ಅಂತ ತಿಳ್ಕಂಡಿದ್ದೀಯಾ? ದಿನಾ ಏಳು ಗಂಟೆಗೆ ಮೇಸ್ತ್ರಿ ಶಿವಲಿಂಗ ಬತ್ತಾನೆ. ಮೂವತ್ತು ಹೆಂಗುಸ್ರು ನಿಂತಿರ್ತೀವಿ. ಮಂಟಪದ ಕೆಲ್ಸಕ್ಕೆ ಹದಿನೈದು ಜನನ ಆರುಸ್ಕೊತ್ತಾನೆ. ಮಾತಾಡಾಕಿಲ್ಲ, ಬರೀ ನೋಡ್ತಾನೆ. ಒರಗಿದ್ದೋಳ್ನ ಬುಡ್ತಾನೆ, ಕುಂತಿದ್ದೋಳ್ನ ಬುಡ್ತಾನೆ. ಇಪ್ಪತ್ತು ವರ್ಸದಿಂದ ನಾನು ಅವನ ಮುಂದೆ ಬೆನ್ನು ಬಗ್ಗುಸಿಲ್ಲ. ಈಗ ಅದೇ ಜಾಗದಾಗೆ ಸುಸ್ತು ತೋರ್ಸು ಅಂತೀಯಲ್ಲ."

ಐದು ವರ್ಷ ಅವಳ ಜತೆ ಮಂಟಪಗಳಿಗೆ ಹೋದವಳು ನಾನು. ಆಗ ನಾನು ಊರಿನಿಂದ ಅಡುಗೆಯವರ ವ್ಯಾನಿನಲ್ಲಿ ಹೋಗುತ್ತಿದ್ದೆ, ಅವ್ವ ರೈಲಿನಲ್ಲಿ ಬರುತ್ತಿದ್ದಳು. ಎಲ್ಲರನ್ನೂ ನೋಡುತ್ತೇನೆ ಅಂದುಕೊಂಡಿದ್ದವಳು ಇದನ್ನು ನೋಡಿರಲಿಲ್ಲ. ಅವರು ಕೂರುವುದಿಲ್ಲ ಅಂತಲ್ಲ. ಕೂರುವ ಹಾಗಿರಲಿಲ್ಲ.

"ಅವ್ವ," ಅಂದೆ, "ಆ ಕಣ್ಣಿಗೆ ಕಲಿಸಿದ್ದು ನಾನು. ನಿಮ್ಮಂಥೋರು ಕೂರಲ್ಲ ಅಂತ ಹೇಳಿದ್ದು ನಾನು. ನಿನ್ನೆ ನೀನು ಬಿದ್ದಿದ್ದು ನೋಡಿದೆ."

ಅವ್ವ ತನ್ನ ಮೊಣಕಾಲನ್ನೇ ಸವರಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. "ನೀ ಏಳಿದ್ದು ದಿಟವೇ ಅಲ್ವಾ," ಅಂದಳು. "ನಾನು ಕುಂತ್ಕಳಾಕಿಲ್ಲವಲ್ಲ. ಬುಡು, ನೀ ಕೆಲ್ಸ ನೋಡ್ಕೋ." ಸ್ವಲ್ಪ ತಡೆದು ಕೇಳಿದಳು, "ನನ್ ಫೋಟ ಬಂದಾಗ ಏನಂದೆ ಅವರ್ಗೆ?"

ನಾನು ಒಲೆಯ ಕಡೆ ತಿರುಗಿದೆ. ಬಹುಶಃ ಅವಳಿಗೆ ಅರ್ಥವಾಗಿತ್ತು.

ಶನಿವಾರ ಷಟಲ್ಲಿನಿಂದ ಇಳಿದಾಗ ನಾನು ಪಕ್ಕದ ಮೆಟ್ಟಿಲಿಗೆ ಹೋಗಲಿಲ್ಲ. "ತಡ ಆಯ್ತದೆ ಓಗು," ಅಂದಳು ಅವ್ವ. ಹೋಗಲಿಲ್ಲ. ಹಾಲಿನಲ್ಲಿ ಅವ್ವ ತನ್ನ ಜಾಗದಲ್ಲಿ, ಆ ಹೆಂಗಸರ ಸಾಲಿನಲ್ಲಿ ನಿಂತಳು. ನಾನು ಎರಡು ಮಾರು ಹಿಂದೆ ನಿಂತೆ. ಮೂವತ್ತು ಬೆನ್ನುಗಳು. ಒಂದೂ ಕಂಬಕ್ಕೆ ತಾಕಿರಲಿಲ್ಲ. ಪರದೆಯ ಮೇಲೆ ನಾನು ನೋಡಿದ್ದು ಅವರ ಮುಂಭಾಗ ಮಾತ್ರ. ಹಿಂದಿನಿಂದ ನೋಡಿದರೆ ಹಿಮ್ಮಡಿಗಳು ಮೆಲ್ಲಗೆ ಏಳುತ್ತ ಇಳಿಯುತ್ತ ಇದ್ದವು, ಸೀರೆಯ ಅಂಚಿನ ಮರೆಯಲ್ಲಿ.

ಮೇಸ್ತ್ರಿ ಶಿವಲಿಂಗ ಬಂದ. ಬಾಯಿ ತುಂಬ ಎಲೆಅಡಿಕೆ. ಬೆರಳು ತೋರಿಸುತ್ತ ಹೋದ. "ನೀನು ಬಾ. ನೀನು. ದೊಡ್ಡಮ್ಮಣ್ಣಿ, ನೀನು ಬಾ. ಏ, ನೀನು ಮೊನ್ನೆ ಸೌಟು ಕಳ್ದೋಳಲ್ವಾ? ಹಿಂದಕ್ಕೆ ಓಗು." ಅವ್ವನ ಮುಂದೆ ಬಂದಾಗ ನಿಂತ. ಅವ್ವ ಇನ್ನಷ್ಟು ನೆಟ್ಟಗಾದಳು.

"ಮಂಚಮ್ಮ, ಮೊನ್ನೆ ಬಿದ್ಯಲ್ಲ."

"ಜಾರ್ತು ಕಣಣ್ಣ. ಏನೂ ಆಗಿಲ್ಲ."

"ಆಯ್ತು ಬುಡವ್ವ, ಮನೇಲಿ ಇಸ್ರಾಂತಿ ತಗೋ. ಬೇಕಾದಾಗ ಏಳ್ ಕಳುಸ್ತೀನಿ." ಮುಂದಿನವಳಿಗೆ ಬೆರಳು ತೋರಿಸಿದ.

ಏಳು ಇಪ್ಪತ್ತರ ಲೋಕಲ್ ಬಂತು. ಹದಿನೈದು ಜನ ಹತ್ತಿದರು. ನಮ್ಮೂರಿಗೆ ವಾಪಸ್ ಷಟಲ್ ಇರುವುದು ಒಂಬತ್ತೂವರೆಗೆ. ಉಳಿದ ಹೆಂಗಸರಲ್ಲಿ ಕೆಲವರು ಬಸ್ಸಿಗೆ ಅಂತ ನಡೆದರು. ಅವ್ವನಿಂದ ಅಷ್ಟು ದೂರ ನಡೆಯಲು ಆಗುತ್ತಿರಲಿಲ್ಲ. ನೆಲದಲ್ಲಿ ಕೂತರೆ ಆ ಮೊಣಕಾಲಿನಲ್ಲಿ ಮತ್ತೆ ಏಳುವುದು ಕಷ್ಟ. ಅಲ್ಲದೆ ಅಧಿಕಾರಿಗಳು ಬರುತ್ತಾರೆ ಅಂತ ಅಂದು ನೆಲದ ಮೇಲೆ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ. ಇಬ್ಬರನ್ನು ನಸೀಮಾ ಅಕ್ಕ ಎಬ್ಬಿಸಿದ್ದನ್ನು ನಾನೇ ನೋಡಿದ್ದೆ. ಎಬ್ಬಿಸುವಾಗ ಅವಳ ಮುಖವೂ ಚೆನ್ನಾಗಿರಲಿಲ್ಲ.

ಅವ್ವನ ಹತ್ತಿರ ಹೋಗಿ ರಟ್ಟೆ ಹಿಡಿದೆ. ಅವಳು ಹದಿನೇಳನೇ ಸೀಟಿನ ಕಡೆ ಎರಡು ಹೆಜ್ಜೆ ಇಟ್ಟಳು. ಮೇಸ್ತ್ರಿ ಹೋಗಿಯಾಗಿತ್ತು. ಇನ್ನು ಯಾರಿಗೂ ನೆಟ್ಟಗೆ ನಿಂತು ತೋರಿಸಬೇಕಾಗಿರಲಿಲ್ಲ. ಭುಜಗಳು ತಾವಾಗಿಯೇ ಇಳಿದವು, ಕತ್ತು ಬಾಗಿತು. ಅವ್ವ ಸೀಟನ್ನು ನೋಡಿದಳು. ನಾನು ಹೇಳಿಕೊಟ್ಟ ಹಾಗಲ್ಲ. ಹಸಿದವರು ಬೇರೆಯವರ ಎಲೆ ನೋಡುವ ಹಾಗೆ ನೋಡಿದಳು. ನನ್ನ ಇಪ್ಪತ್ತೆರಡು ವರ್ಷದಲ್ಲಿ ಅವಳ ಮುಖದ ಮೇಲೆ ಅಂಥದ್ದನ್ನು ನಾನು ಕಂಡಿರಲಿಲ್ಲ.

ನಾಲ್ಕು ಸೆಕೆಂಡು ಆಯಿತು. ಎಂಟು ಆಯಿತು. ಸೀಟು ಮುಚ್ಚಿಯೇ ಇತ್ತು. ಸೆಕ್ಕಿದ ಸೀರೆ, ವೈರ್ ಬುಟ್ಟಿ, ನೀರಿನಲ್ಲಿ ನೆಂದು ಬಿಳಿಚಿದ ಕೈ, ಇಷ್ಟೇ ಅದಕ್ಕೆ ಸಾಕಾಗಿತ್ತು. ಇಂಥವರು ಕೂರುವುದಿಲ್ಲ ಅಂತ ಅದಕ್ಕೆ ಗೊತ್ತಿತ್ತು.

ನಾನು ಸೀಟನ್ನು ಕೈಯಿಂದ ಎಳೆದೆ. ಜಗ್ಗಲಿಲ್ಲ. ಆಗ ಅವ್ವನನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ನಾನೇ ಎದುರು ನಿಂತು, ಭುಜ ಬಿಟ್ಟು ಸೀಟು ನೋಡಿದೆ. ಟಕ್ ಅಂತ ತೆರೆಯಿತು. ನನಗೆ! ಇಸ್ತ್ರಿ ಚೂಡಿದಾರ, ಕೊರಳಲ್ಲಿ ಕಂಟ್ರೋಲ್ ರೂಮಿನ ಕಾರ್ಡು. ನಾನು ಅವಸರದಲ್ಲಿ ಅವ್ವನನ್ನು ಎಳೆದು ಕೂರಿಸಲು ಹೋದೆ, ಅವಳು ಬಗ್ಗುವಷ್ಟರಲ್ಲಿ ಅದು ಮತ್ತೆ ಮುಚ್ಚಿತು. ಈ ಸಲ ನಾನು ಹಿಡಿದುಕೊಂಡಿದ್ದರಿಂದ ಅವಳು ಬೀಳಲಿಲ್ಲ.

ಪಕ್ಕದ ಸೀಟಿನವರು ಒಮ್ಮೆ ನೋಡಿ ಮೊಬೈಲಿಗೆ ತಿರುಗಿದರು. "ಬುಡು ಮಗ," ಅಂದಳು ಅವ್ವ, "ಜನ ನೋಡ್ತಾವ್ರೆ." ಅವಳ ಕೈ ನನ್ನ ಭುಜವನ್ನು ಬಿಡಲಿಲ್ಲ. ಇಡೀ ಭಾರ ಬಿಟ್ಟಿದ್ದಳು. ಕೊಪ್ಪರಿಗೆ ಎತ್ತುವವಳು ಇಷ್ಟು ಹಗುರ ಅಂತ ನನಗೆ ಗೊತ್ತಿರಲಿಲ್ಲ.

ನಸೀಮಾ ಅಕ್ಕ ಗುಂಪು ಸೀಳಿಕೊಂಡು ಬಂದಳು. "ಏ ಹುಡುಗಿ, ಏನ್ ಮಾಡ್ತಿದ್ದೀ? ಮೇಲೆ ದೊಡ್ಡೋರು ಬಂದು ಕೂತಿದ್ದಾರೆ. ಎಲ್ಲಾ ಕಾಣುತ್ತೆ ಅವರಿಗೆ."

"ಕಾಣಲಿ," ಅಂದೆ. "ಅಕ್ಕ, ವಾಕಿಟಾಕಿ ಕೊಡಿ."

"ಹುಚ್ಚಾ ನಿಂಗೆ? ಕೆಲಸ ಹೋಗುತ್ತೆ."

"ಕೊಡಿ ಅಕ್ಕ."

ಅವಳು ನನ್ನನ್ನು ನೋಡಿದಳು. ಆಮೇಲೆ ಅವ್ವನನ್ನು, ಆಮೇಲೆ ಮತ್ತೆ ನನ್ನನ್ನು. ನಮ್ಮಿಬ್ಬರ ಮೂಗು ಒಂದೇ ಥರ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ವಾಕಿಟಾಕಿಯನ್ನು ಸೊಂಟದಿಂದ ಬಿಚ್ಚಿ ಕೊಟ್ಟಳು.

ಮೇಲೆ ಗಾಜಿನ ಹಿಂದೆ ಕಂಟ್ರೋಲ್ ರೂಮು ಕಾಣುತ್ತಿತ್ತು. ಐದಾರು ಜನ ಕೋಟು ಹಾಕಿದವರು, ಅವರ ಮಧ್ಯೆ ಪ್ರಣವ್ ಸರ್. ನನ್ನ ಖಾಲಿ ಕುರ್ಚಿ. ನನ್ನ ಮಾತು ಅಲ್ಲಿ ಎಲ್ಲರಿಗೂ ಕೇಳುತ್ತದೆ. ಗುಂಡಿ ಒತ್ತಿದೆ. ಒತ್ತಿಕೊಂಡೇ ನಿಂತೆ.

"ಸರ್," ಅಂದೆ. ದನಿ ನನ್ನದಲ್ಲ ಅನ್ನುವಷ್ಟು ದೊಡ್ಡದಾಗಿ ಬಂತು. ಕೂತಿದ್ದ ಕೆಲವರು ತಿರುಗಿದರು. "ನಾನು ಸಿಂಚನ. ಹದಿನೇಳನೇ ಸೀಟಿನ ಹತ್ರ ಇದ್ದೀನಿ. ಅವತ್ತು ನೀವು ಇವರು ಗೊತ್ತಾ ಅಂತ ಕೇಳಿದ್ರಿ, ನಾನು ಇಲ್ಲ ಅಂದೆ. ಸುಳ್ಳು ಹೇಳಿದೆ ಸರ್. ಇವರು ನಮ್ಮವ್ವ. ಮಂಚಮ್ಮ ಅಂತ. ಇವರಿಗೆ ನಿಲ್ಲೋಕೆ ಆಗ್ತಿಲ್ಲ."

ಗುಂಡಿ ಬಿಟ್ಟೆ. ಕರ್ ಅನ್ನುವ ಸದ್ದು ಬಂತು, ನಿಂತಿತು. ಗಾಜಿನ ಹಿಂದೆ ಪ್ರಣವ್ ಸರ್ ತಲೆ ಎತ್ತಿ ನನ್ನ ಕಡೆ ನೋಡುತ್ತಿದ್ದರು. ಅವರ ಕೈ ಮೇಜಿನ ಮೇಲಿತ್ತು. ಪಕ್ಕದಲ್ಲಿದ್ದವರು ಅವರನ್ನು ಏನೋ ಕೇಳಿದರು. ಅವ್ವ ನನ್ನ ಮುಖ ನೋಡಲಿಲ್ಲ. ಭುಜ ಹಿಡಿದಿದ್ದ ಕೈಯನ್ನು ಇನ್ನಷ್ಟು ಬಿಗಿ ಮಾಡಿದಳು.

ಮತ್ತೆ ಒತ್ತಿದೆ.

"ಕೈಯಿಂದಲೇ ತೆಗೀರಿ ಸರ್. ಹದಿನೇಳು. ಒಂ‍ದೇ ಒಂದು ಸೀಟು."